ಗುಲ್‌ಮಂಡಿಯ ವೀಸಾ ಕೌಂಟರ್

"ಬಾಲಿಗೆ ಯಾಕ ಬಂದೀರಿ?"

"ನೋಡ್ಲಿಕ್ಕೆ."

"ಏನು ನೋಡ್ಲಿಕ್ಕ?"

"ಅದು ಅಲ್ಲಿಗೆ ಹೋದ ಮೇಲಲ್ವಾ ಗೊತ್ತಾಗುವುದು? ಮೊದಲೇ ಗೊತ್ತಿದ್ದರೆ ಅಷ್ಟು ದೂರ ಎಂತಕ್ಕೆ ಹೋಗುವುದು?"

ಹಾಲ್‌ನಲ್ಲಿ ಕುಳಿತಿದ್ದವರೆಲ್ಲ ಘೊಳ್ಳೆಂದು ನಕ್ಕರು. ಪ್ರಶ್ನೆ ಕೇಳುತ್ತಿದ್ದ ಶಿವಕಾಂತ ಮಾತ್ರ ನಗಲಿಲ್ಲ. ಹಣೆಯ ಬೆವರು ಒರೆಸಿಕೊಂಡು, "ಕಾಕು, ಹಂಗ ಅನ್ಬಾರದ್ರಿ. 'ಟೂರಿಸಂ' ಅನ್ರಿ. ಒಂದ ಮಾತು. ಅವರು ಕೇಳೋದೇ ಮೂರು. ಯಾಕ ಬಂದೀರಿ, ಎಲ್ಲಿ ಇಳ್ಕೋತೀರಿ, ವಾಪಸ್ ಯಾವಾಗ ಹೋಗ್ತೀರಿ. ಹೆಚ್ಚಿಗಿ ಮಾತಾಡಿದ್ರ ಹೆಚ್ಚಿಗಿ ಕೇಳ್ತಾರ," ಎಂದ.

ಸಂಭಾಜಿನಗರದ ಗುಲ್‌ಮಂಡಿಯ ಬಟ್ಟೆ ವ್ಯಾಪಾರಿ ಮನ್ಮಥಪ್ಪನವರ ಊಟದ ಮೇಜು ಆ ಗುರುವಾರ ಮಧ್ಯಾಹ್ನ ಬಾಲಿ ವಿಮಾನ ನಿಲ್ದಾಣದ ಕೌಂಟರಾಗಿತ್ತು. ಎರಡು ಸ್ಟೂಲುಗಳ ನಡುವೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ ಸಾಲು ಮಾಡಿದ್ದರು. ಸಾಲಿನಲ್ಲಿ ನಿಲ್ಲಲಾರದವರಿಗೆ ಮನೆಯ ಮಗಳು ರೂಪಾ ಬೆಳಿಗ್ಗೆಯೇ ಗಾದಿ ಹಾಸಿಟ್ಟಿದ್ದಳು. ಅಧಿಕಾರಿಯ ಮುದ್ರೆಗೆ ಅಂಗಡಿಯ ರಬ್ಬರ್ ಸ್ಟಾಂಪು ಬಂದಿತ್ತು. 'ಒಮ್ಮೆ ಮಾರಿದ ಮಾಲು ವಾಪಸ್ ತೆಗೆದುಕೊಳ್ಳಲಾಗದು' ಎಂದು ಮರಾಠಿಯಲ್ಲಿ ಅದರ ಮೇಲಿತ್ತು. ಪರೀಕ್ಷೆ ಪಾಸಾದವರ ಕೈಗೆ ಒಂದೊಂದು ಚೀಟಿಯ ಮೇಲೆ ಅದನ್ನು ಒತ್ತಿ ಕೊಡಲಾಗುತ್ತಿತ್ತು.

ನಾಸಿಕ್ ಮತ್ತು ಸಂಭಾಜಿನಗರದ ಹನ್ನೆರಡು ಮಂದಿ ಕನ್ನಡಿಗರು ಅಂದು ಸಂಜೆ ಬಸ್ಸಿನಲ್ಲಿ ಮುಂಬೈಗೆ ಹೋಗಿ, ಮರುದಿನ ಬೆಳಿಗ್ಗೆ ಬಾಲಿಯ ವಿಮಾನ ಹತ್ತುವವರಿದ್ದರು. ಅವರಲ್ಲಿ ಹೆಚ್ಚಿನವರಿಗೆ ಇದು ಮೊದಲ ವಿದೇಶ ಪ್ರವಾಸ. ಕರೆದೊಯ್ಯುವವನು ಶಿವಕಾಂತ.

ಗೋಡೆಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದ ಚನ್ನಮ್ಮ ಪ್ರವಾಸಕ್ಕೆ ಹೊರಟವರಲ್ಲ. ಭಾಲ್ಕಿ ಕಡೆಯ ಈ ಹೆಂಗಸು ನಾಸಿಕ್ ರೋಡ್ ನಿಲ್ದಾಣದಲ್ಲಿ ರೈಲು ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಈಗ ಅದೇ ನಾಸಿಕ್ ರೋಡಿನಲ್ಲಿ ಹರಿದಾಸ ಶೆಟ್ಟರ ಹೋಟೆಲಿನ ಮೇಲಿನ ಕೋಣೆಯಲ್ಲಿ ಪತ್ತೇದಾರಿ ಕಚೇರಿ ಇಟ್ಟಿದ್ದರು. ಅವರು ಬಂದದ್ದು ಒಂದು ಸೀರೆಗಾಗಿ.

ಸೋಮವಾರ ಸಂಜೆ ಇದೇ ಮನೆಯಿಂದ ಮನ್ಮಥಪ್ಪನವರ ತಾಯಿಯ ಯೇವಲಾ ಪೈಠಣಿ ರೇಷ್ಮೆ ಸೀರೆ ಮಾಯವಾಗಿತ್ತು. ಮುಂದಿನ ತಿಂಗಳು ರೂಪಾ ಅದನ್ನುಟ್ಟು ಹಸೆಮಣೆ ಏರಬೇಕಿತ್ತು. ಆ ಸೀರೆಯನ್ನು ಕೊನೆಯ ಬಾರಿ ಕೈಯಲ್ಲಿ ಹಿಡಿದು ನೋಡಿದವರು, ಈಗ ಕೌಂಟರಿನ ಮುಂದೆ ನಿಂತು ಎಲ್ಲರನ್ನೂ ನಗಿಸುತ್ತಿದ್ದ ಸರೋಜಿನಿ, ಅಂದರೆ ಹರಿದಾಸ ಶೆಟ್ಟರ ಹೆಂಡತಿ.

"ಅಕ್ಕಾರ," ಎಂದಿದ್ದರು ಮನ್ಮಥಪ್ಪ, ಬಾಗಿಲಲ್ಲೇ ಚನ್ನಮ್ಮನನ್ನು ತಡೆದು. "ಸರೋಜಿನಿಬಾಯಿ ಮ್ಯಾಲ ನನಗೇನೂ ಇಲ್ರಿ. ಆದ್ರ ಬಸ್ ಬರೋದರೊಳಗ ಸೀರಿ ಸಿಗಲಿಲ್ಲಂದ್ರ ನಾ ಪೊಲೀಸ್ ಠಾಣೆಕ್ಕ ಹೋಗಾಂವ. ನಮ್ಮವ್ವನ ಸೀರಿ ಅದು. ಆಮ್ಯಾಲ ಆಕಿ ಬಾಲಿಗೆ ಹೋಗ್ತಾಳೋ, ಹೇಳಿಕಿ ಕೊಡ್ಲಿಕ್ಕ ಹೋಗ್ತಾಳೋ, ನನ್ನ ಕೈಯಾಗ ಇರಂಗಿಲ್ಲ."

ಸರೋಜಿನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ನಗುತ್ತಿದ್ದರು. ಮೂವತ್ತು ವರ್ಷ ಗಂಡನ ಹೋಟೆಲಿನ ಅಡುಗೆಮನೆ ನಡೆಸಿದ ಹೆಂಗಸು. ಶಿರಡಿಯ ಆಚೆಗೆ ಪ್ರವಾಸವೆಂದು ಹೋದವರಲ್ಲ. ಇಂದಿಗಾಗಿ ಹೊಸ ಚೀಲ, ಹೊಸ ಚಪ್ಪಲಿ, ಒಂದು ಹುಲ್ಲಿನ ಟೋಪಿ ಕೊಂಡಿದ್ದರು. ಟೋಪಿ ತಲೆಯ ಮೇಲೆಯೇ ಇತ್ತು.

"ಒಂದು ಮಾತು ಕೇಳ್ತೇನೆ ಶಿವಕಾಂತ," ಎಂದರು ಸರೋಜಿನಿ. "ವೀಸಾ ಇಲ್ಲೇ ತೆಗೆದುಕೊಂಡು ಹೋದರೆ ಎಂತ ಕಷ್ಟ? ಅಲ್ಲಿ ಇಳಿದ ಮೇಲೆ ಕೇಳುವುದು, ಅವರು ಇಲ್ಲ ಅಂದರೆ? ರಿಸರ್ವೇಶನ್ ಇಲ್ಲದೆ ರೈಲು ಹತ್ತಿ, ಟಿಟಿ ಬಂದ ಮೇಲೆ ಬರ್ತ್ ಕೇಳಿದ ಹಾಗೆ ಆಯ್ತಲ್ಲ ಇದು!"

"ಆನ್‌ಲೈನ್ ಮೊದಲೇ ಮಾಡಿಸ್ಲಿಕ್ಕೂ ಬರ್ತದ್ರಿ. ನಾವು ಅಲ್ಲಿ ಇಳಿದ ಮ್ಯಾಲೆ ತಗೋತೀವಿ. ಪಾಸ್‌ಪೋರ್ಟ್ ಆರು ತಿಂಗಳು ಚಾಲ್ತಿ ಇರ್ಬೇಕು, ವಾಪಸ್ ಟಿಕೆಟ್ ಇರ್ಬೇಕು, ಕೌಂಟರ್‌ನ್ಯಾಗ ಫೀ ಕಟ್ಬೇಕು. ಮೂವತ್ತು ದಿವ್ಸದ ವೀಸಾ. ಇಷ್ಟ."

"ಬರ್ತ್ ಖಾಲಿ ಇದ್ರ ಟಿಟಿ ಕೊಟ್ಟೇ ಕೊಡ್ತಾನ ಸರೋಜಿನಿ," ಎಂದು ಚನ್ನಮ್ಮ ಮುಂದೆ ಬಂದರು. "ಆದ್ರ ಮಾರಿ ನೋಡಿ ಕೊಡ್ತಾನ. ಶಿವಕಾಂತ, ನೀ ಏಳಪ್ಪ. ನಿನ್ನ ಮಾರಿ ನೋಡಿ ಯಾರೂ ಹೆದರವಲ್ರು. ಇವರಿಗೆ ಅಭ್ಯಾಸ ಆಗ್ಬೇಕಂದ್ರ ಖರೇ ಟಿಟಿ ಮಾರಿ ಬೇಕು."

ಎಲ್ಲರೂ ಚಪ್ಪಾಳೆ ತಟ್ಟಿದರು. ಶಿವಕಾಂತ ಕುರ್ಚಿ ಬಿಟ್ಟುಕೊಟ್ಟ. ಮನ್ಮಥಪ್ಪ ಮೂಲೆಯಲ್ಲಿ ಕೈಕಟ್ಟಿ ನಿಂತರು. ಈ ಆಟ ಯಾತಕ್ಕೆಂದು ಅವರೊಬ್ಬರಿಗೇ ಗೊತ್ತಿತ್ತು.

ಚನ್ನಮ್ಮ ಕನ್ನಡಕ ಏರಿಸಿ ಸ್ಟಾಂಪನ್ನು ಎದುರಿಗಿಟ್ಟುಕೊಂಡರು. ನೌಕರಿಯುದ್ದಕ್ಕೂ ಅವರು ನಂಬಿ ನಡೆದದ್ದು ಒಂದೇ ಸೂತ್ರ. ಟಿಕೆಟ್ ಇದ್ದವನು, ಕೇಳಿದಾಗ ಜೇಬು ನೋಡಿಕೊಳ್ಳುತ್ತಾನೆ. ಇಲ್ಲದವನು ಕೇಳಿದವರ ಮುಖ ನೋಡುತ್ತಾನೆ.

"ಸರೋಜಿನಿ, ಪಾಸ್‌ಪೋರ್ಟ್."

ಸರೋಜಿನಿ ನೇರ ಚೀಲಕ್ಕೆ ಕೈ ಹಾಕಿದರು. ನೀಲಿ ಪುಸ್ತಕ ಮೇಜಿಗೆ ಬಂತು. ಹೊದಿಕೆಯ ಮೇಲಿನ ಬಂಗಾರದ ಸಿಂಹಗಳ ನೆತ್ತಿಗೆ ಸರಿಯಾಗಿ ಒಂದು ಹೆಬ್ಬೆರಳಗಲದ ಕೆಂಪು ಕುಂಕುಮ.

ಇದು ಸೋಮವಾರದ ಪೂಜೆಯ ಗುರುತು. ಮನ್ಮಥಪ್ಪನವರ ಹೆಂಡತಿ ಶಾಂತಾಬಾಯಿಯ ಲೆಕ್ಕದಲ್ಲಿ ಮನೆಗೆ ಬಂದ ಹೊಸ ತಕ್ಕಡಿ, ಹೊಸ ಸ್ಕೂಟರು, ಹೊಸ ಮಿಕ್ಸರು ಯಾವುದೂ ಕುಂಕುಮವಿಲ್ಲದೆ ಕೆಲಸ ಶುರು ಮಾಡುವ ಹಾಗಿಲ್ಲ. ಹೀಗಿರುವಾಗ ಸಮುದ್ರ ದಾಟಿಸುವ ಪಾಸ್‌ಪೋರ್ಟನ್ನು ಬಿಟ್ಟಾರೆಯೇ? ಎಲ್ಲರ ಪಾಸ್‌ಪೋರ್ಟನ್ನೂ ತಾಟಿನಲ್ಲಿ ಪೇರಿಸಿ, ದೇವರ ಮುಂದಿಟ್ಟು, ಆರತಿ ಮಾಡಿಸಿದ್ದರು. ಸೀರೆ ಹೋದದ್ದು ಆ ಆರತಿಯ ಹೊತ್ತಿನಲ್ಲೇ.

"ಇಲ್ಲಿಗೆ ಬರೋ ಮೊದಲು, ಸೋಮವಾರ ಸಂಜಿ ಆರತಿ ಹೊತ್ತಿಗೆ ಎಲ್ಲಿದ್ರಿ?"

ಸರೋಜಿನಿಯ ನಗು ಅರ್ಧಕ್ಕೆ ನಿಂತಿತು. "ನಿಮಗೆ ಹೇಳಿದ್ದೇನಲ್ಲ ಚನ್ನಕ್ಕ. ರೂಪಾ ಸೀರೆ ತೋರಿಸಿದಳು. ನೋಡಿ, ಒಳಗಿನ ಕೋಣೆಯ ಮಂಚದ ಮೇಲೆ ಇಟ್ಟೆ. ಆರತಿಗೆ ಬಂದೆ. ಮಧ್ಯದಲ್ಲಿ ಒಮ್ಮೆ ಕೈ ತೊಳೀಲಿಕ್ಕೆ ಒಳಗೆ ಹೋದೆ. ಆಗ ಮಂಚ ನೋಡಲೇ ಇಲ್ಲ. ಅದೇ ತಪ್ಪಾಯ್ತು."

"ಪಾಸ್," ಎಂದು ಚನ್ನಮ್ಮ ಚೀಟಿಗೆ ಮುದ್ರೆ ಒತ್ತಿದರು. "ಟೋಪಿ ತಗೀರಿ ಅಲ್ಲಿ. ಫೋಟೋಕ್ಕ ಮಾರಿ ಕಾಣ್ಬೇಕು. ಮುಂದಿನವರು!"

ಮುಂದಿನವರು ಹರಿದಾಸ ಶೆಟ್ಟರು. ಬಂದಾಗಿನಿಂದ ಗಾದಿಯ ಮೇಲೆ ಕೂರದೆ ನಿಂತೇ ಇದ್ದ ಶೆಟ್ಟರು, ಚನ್ನಮ್ಮನ ಮುಖವನ್ನೊಮ್ಮೆ ನೋಡಿ, ಆಮೇಲೆ ಅಂಗಿಯ ಜೇಬಿನಿಂದ ಪಾಸ್‌ಪೋರ್ಟು ತೆಗೆದಿಟ್ಟರು.

"ಬಾಲಿಯೊಳಗ ಏನು ನೋಡ್ತೀರಿ ಶೆಟ್ರ?"

"ಸಮುದ್ರ ಉಂಟಂತೆ. ನಾವು ಹುಟ್ಟಿದ್ದೇ ಸಮುದ್ರದ ದಡದಲ್ಲಿ. ನೋಡಿಯಾಗಿದೆ."

"ವಾಪಸ್ ಯಾವಾಗ?"

"ಹೋದರೆ ತಾನೇ ವಾಪಸ್ ಬರುವುದು ಮಾರಾಯ್ರೆ!"

ಮತ್ತೆ ನಗೆ ಹಾರಿತು. ಸರೋಜಿನಿ ದೂರಿದರು: "ಒಂದು ವಾರದಿಂದ ಹೀಗೇ ಚನ್ನಕ್ಕ. ಚೀಲಕ್ಕೆ ಒಂದು ಅಂಗಿ ಹಾಕಿಲ್ಲ ಇವರು. ಎಲ್ಲ ನಾನೇ ತುಂಬಿದ್ದು."

"ಇವರದು ಯಾಕ ಇಷ್ಟು ಸ್ವಚ್ಛ ಅದ?" ಎಂದು ಚನ್ನಮ್ಮ ಪಾಸ್‌ಪೋರ್ಟನ್ನು ತಿರುಗಿಸಿ ನೋಡಿದರು. ನೀಲಿ ಹೊದಿಕೆ ಫಳಫಳ ಹೊಳೆಯುತ್ತಿತ್ತು.

"ಒರೆಸಿದೆ. ಹೋಟೆಲಿನವರಿಗೆ ಕಲೆ ಕಂಡರೆ ಕೈ ಸುಮ್ಮನೆ ಕೂರುವುದಿಲ್ಲ."

ಚನ್ನಮ್ಮ ನಕ್ಕು ಮುದ್ರೆ ಒತ್ತಿದರು. ನಾಸಿಕ್ ರೋಡಿನಿಂದ ಮೂವರೂ ಕೂಡಿ ಬಂದ ಬೆಳಗಿನ ರೈಲಿನಲ್ಲಿ ಶೆಟ್ಟರು, "ದೂರು ಕೊಟ್ಟರೆ ನಾಳೆ ಹೋಗ್ಲಿಕ್ಕೇ ಆಗುವುದಿಲ್ಲ ಅಲ್ವಾ?" ಎಂದು ಮತ್ತೆ ಮತ್ತೆ ಕೇಳಿದ್ದರು. ಪಾಪ, ಹೆಂಡತಿಯ ಚಿಂತೆಯಲ್ಲಿ ಅರ್ಧ ಆಗಿದ್ದಾರೆ ಎಂದು ಚನ್ನಮ್ಮನಿಗೆ ಮರುಕವಾಯಿತು. ಪರೀಕ್ಷೆ ಪಾಸಾದ ಗಂಡಹೆಂಡಿರ ಪಾಸ್‌ಪೋರ್ಟುಗಳನ್ನು ಮೇಜಿನ ಎಡಕ್ಕೆ ಒಂದರ ಪಕ್ಕ ಒಂದು ಇಟ್ಟರು.

"ಹಾಂ, ವೈನೀರ. ಬರ್ರಿ."

ಶಾಂತಾಬಾಯಿ ಸೆರಗು ಹೊದ್ದು ಗಂಭೀರವಾಗಿ ಬಂದರು. ಯಾಕೆ ಬಂದೀರಿ ಎಂದರೆ 'ಟೂರಿಸಂ', ಎಲ್ಲಿ ಇಳ್ಕೋತೀರಿ ಎಂದರೆ 'ಟೂರಿಸಂ', ವಾಪಸ್ ಯಾವಾಗ ಎಂದರೂ 'ಟೂರಿಸಂ' ಎಂದರು. ಕಲಿತ ಒಂದು ಮಾತನ್ನು ಅವರು ಯಾವ ಅಧಿಕಾರಿಗೂ ಬಿಟ್ಟುಕೊಡುವ ಹಾಗಿರಲಿಲ್ಲ. ಅವರ ಪಾಸ್‌ಪೋರ್ಟಿನ ಕುಂಕುಮ ಉಳಿದವರದಕ್ಕಿಂತ ದಪ್ಪಗಿತ್ತು.

"ಇದು ಇನ್ನಾ ಇಷ್ಟು ಗಟ್ಟಿ ಹ್ಯಾಂಗ ಕೂತದ ವೈನಿ?"

"ಒಣಾ ಕುಂಕುಮ ಹಚ್ಚಿದ್ರ ಗಾಳಿಗೆ ಹಾರಿ ಹೋಗ್ತದ್ರಿ. ನಾ ಔಡಲೆಣ್ಣಿಯೊಳಗ ಕಲಸಿ ಹಚ್ಚೀನಿ. ನಮ್ಮ ಅಂಗಡಿ ಗಲ್ಲಾಪೆಟ್ಟಿಗಿ ಮ್ಯಾಲ ಹೋದ ದೀಪಾವಳಿದು ಇನ್ನಾ ಅದ. ತಿಕ್ಕಿದ್ರ ಪೆಟ್ಟಿಗಿ ಬಣ್ಣ ಹೋಯ್ತು, ಕುಂಕುಮ ಹೋಗ್ಲಿಲ್ಲ!"

"ಅಂದು ಎಲ್ಲಾರದಕ್ಕೂ ಹಚ್ಚಿದ್ರೇನು?"

"ತಾಟಿನಾಗ ಇದ್ದಿದ್ದಕ್ಕ ಒಂದೂ ಬಿಡಲಿಲ್ಲ. ಯಾವುದು ಯಾರದು ಅಂತ ನೋಡ್ಲಿಲ್ಲ. ದೇವರ ಮುಂದ ಹೆಸರ್ಯಾಕ್ರಿ? ಅಂದೇ ತಾಟು, ಬಟ್ಲ ಎಲ್ಲಾ ತೊಳದು ಮ್ಯಾಲ ಇಟ್ಟೀನಿ."

"ಶಿವಕಾಂತಂದು?"

"ಅಂವ ಎಲ್ಲಿದ್ದ? ಆರತಿ ಟೈಮಿಗೆ ಸರಿಯಾಗಿ ಇವರಿಗೆ ಫೋನ್ ಮಾಡಿದ. ಪಾಸ್‌ಪೋರ್ಟ್ ಮನ್ಯಾಗ ಬಿಟ್ಟೀನಿ, ತರ್ಲಿಕ್ಕ ಹೊಂಟೀನಿ, ನೀವು ಶುರು ಮಾಡ್ರಿ ಅಂತ. ಊರಿಗೆಲ್ಲಾ ಪಾಸ್‌ಪೋರ್ಟ್ ತರ್ರಿ ತರ್ರಿ ಅನ್ನಾಂವ ತಾನೇ ಮರ್ತು ಬಂದಾನ!"

ಶಿವಕಾಂತನ ಕಿವಿ ಕೆಂಪಾದದ್ದನ್ನು ಚನ್ನಮ್ಮ ನೋಡಿದರು.

ಸಾಲು ಸಾಗಿತು. ಯಾರಾದರೂ ತಪ್ಪಿದರೆ ಉಳಿದವರು ಕೂಗಿ ಉತ್ತರ ಹೇಳಿಕೊಡುತ್ತಿದ್ದರು. ನಡುವೆ ರೂಪಾ ಬಂದು, "ಚಹಾ ಝಾಲಾ, ಸಗಳೇ ಆತ್ ಯಾ!" ಎಂದು ಎಲ್ಲರನ್ನೂ ಚಹಾಕ್ಕೆ ಕರೆದಳು. ಚನ್ನಮ್ಮ ಅವಳನ್ನು ತಡೆದು, "ನಿನ್ನ ಮದುವಿ ಸೀರಿ ಹೋಗ್ಯಾದ. ಚಿಂತಿ ಇಲ್ಲೇನು ತಂಗಿ?" ಎಂದರು.

"ಮಿಳೇಲ್ ಹೋ ಮಾವಶಿ," ಎಂದಳು ಹುಡುಗಿ, ಹೆಗಲು ಕುಣಿಸಿ. "ಸಿಗ್ತದ. ಸೀರಿಗೆ ಏನ್ ಕಾಲು ಅದಾವೇನು?"

ಎಲ್ಲರೂ ಪಡಸಾಲೆಗೆ ಎದ್ದು ಹೋದರು. ಶಿವಕಾಂತನೂ ಹೊರಟ.

"ಶಿವಕಾಂತ, ನಿಂದು ಉಳೀತಲ್ಲಪ್ಪ."

"ನಂದೇನ್ರಿ ಮಾವಶಿ? ನಾ ಗೈಡ್."

"ಗೈಡಿಗೇನು ವೀಸಾ ಬ್ಯಾಡೇನು? ಪಾಸ್‌ಪೋರ್ಟ್."

ಶಿವಕಾಂತ ಜೇಬು ನೋಡಿಕೊಳ್ಳಲಿಲ್ಲ. ಚನ್ನಮ್ಮನ ಮುಖ ನೋಡಿದ. ಬಾಗಿಲು ನೋಡಿದ. ಮತ್ತೆ ಮುಖ ನೋಡಿದ. ಕೊನೆಗೆ ಚರ್ಮದ ಕವಚದಲ್ಲಿದ್ದ ಪಾಸ್‌ಪೋರ್ಟನ್ನು ಮೇಜಿನ ಮೇಲೆ ಜಾರಿಸಿದ.

ಚನ್ನಮ್ಮ ಅವಸರ ಮಾಡಲಿಲ್ಲ. ಒದ್ದೆ ಟಿಕೆಟ್ ಬಿಡಿಸುವವರ ಹಾಗೆ ಕವಚದಿಂದ ನೀಲಿ ಪುಸ್ತಕವನ್ನು ಮೆಲ್ಲಗೆ ಹೊರಗೆಳೆದರು. ಸಿಂಹಗಳ ನೆತ್ತಿಯ ಮೇಲೆ ಹೆಬ್ಬೆರಳಗಲ ಕೆಂಪು. ಉಗುರಿನಿಂದ ಕೆರೆದರು. ಕದಲಲಿಲ್ಲ.

"ಮನ್ಯಾಗ ಮರ್ತು ಬಂದಿದ್ದ ಪಾಸ್‌ಪೋರ್ಟಿಗೆ ವೈನಿ ಕುಂಕುಮ ಹ್ಯಾಂಗ ಹತ್ತಿತಪ್ಪ?"

"ಅದು... ಆಮ್ಯಾಲ ತಂದು ಹಚ್ಚಿಸ್ಕೊಂಡೆ."

"ಆಮ್ಯಾಲ ಅಂದ್ರ? ವೈನಿ ಅಂದೇ ಬಟ್ಲ ತೊಳದಿಟ್ಟಾರ. ಮತ್ತ ನೀ ಇರ್ಲೇ ಇಲ್ಲ ಅಂತ ಈಗಷ್ಟ ಹೇಳಿದ್ರು."

ಶಿವಕಾಂತ ಖಾಲಿ ಕವಚವನ್ನು ತನ್ನತ್ತ ಎಳೆದುಕೊಂಡ.

"ನೋಡು," ಎಂದರು ಚನ್ನಮ್ಮ ತಣ್ಣಗೆ. "ಆರತಿ ಹೊತ್ತಿನ್ಯಾಗ ಇದು ತಾಟಿನೊಳಗಿತ್ತು. ಅಂದ್ರ ನೀನೂ ಈ ಮನ್ಯಾಗೇ ಇದ್ದಿ. ಹೊರಗ ಹೊಂಟೀನಿ ಅಂತ ಸುಳ್ಳು ಫೋನ್ ಮಾಡಿದಿ. ಎಲ್ಲಾರೂ ಆರತಿ ಮುಂದ ಕಣ್ಣು ಮುಚ್ಚಿ ನಿಂತಾಗ ಸೀರಿ ಹೋತು. ನಾ ಏನ್ ತಿಳಕೊಳ್ಳಿ?"

"ಮಾವಶಿ, ಶಪಥ್! ಸೀರಿ ಮುಟ್ಟಿಲ್ರಿ ನಾ!"

"ಮತ್ತ ಏನ್ ಮುಚ್ಚಿಡ್ಲಕತ್ತಿದಿ?"

ಶಿವಕಾಂತನ ಕಣ್ಣು ಪಾಸ್‌ಪೋರ್ಟನ್ನು ಬಿಟ್ಟು ಕದಲುತ್ತಿರಲಿಲ್ಲ. ಹೊದಿಕೆಯನ್ನಲ್ಲ, ಒಳಗಿನದನ್ನು ಯಾ​ರಾದರೂ ತೆರೆದುಬಿಟ್ಟಾರು ಎಂಬ ಹಾಗೆ. ಚನ್ನಮ್ಮ ತೆರೆದರು. ಫೋಟೋದಲ್ಲಿ ಹತ್ತು ವರ್ಷ ಸಣ್ಣ ಶಿವಕಾಂತ ಮೀಸೆಯಿಲ್ಲದೆ ನಗುತ್ತಿದ್ದ. ಹೆಸರು, ಹುಟ್ಟಿದ ಊರು ಬೀದರ್, ಕೊಟ್ಟ ದಿನಾಂಕ, ಮುಗಿಯುವ ದಿನಾಂಕ.

ಅವರು ಕನ್ನಡಕವನ್ನು ಇನ್ನೊಮ್ಮೆ ಏರಿಸಿ ಓದಿದರು. ಬೆರಳು ಮಡಚಿ ತಿಂಗಳು ಎಣಿಸಿದರು. ನಾಲ್ಕನೆಯ ಬೆರಳಿಗೆ ಲೆಕ್ಕ ಮುಗಿಯಿತು.

"ಅಯ್ಯಯ್ಯ ಶಿವಕಾಂತ!"

ಶಿವಕಾಂತ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಸ್ಟೂಲಿನ ಮೇಲೆ ಕುಸಿದ. ಸಾಲಿನ ಹಗ್ಗವೂ ಅವನೊಂದಿಗೆ ಕೆಳಗೆ ಬಂತು.

"ಸರೋಜಿನಿ ಕಾಕುನೇ ಕೇಳಿದ್ರು ಮಾವಶಿ. ಪೂಜಾಕ್ಕ ಎಲ್ಲಾ ಪೇರಿಸಿಟ್ಟಾಗ, 'ನಮ್ಮದೆಲ್ಲ ನೋಡಿದಿರಿ, ನಿಮ್ಮದು ಎಷ್ಟು ವರ್ಷಕ್ಕುಂಟು?' ಅಂದ್ರು. ತಾಟಿನಾಗಿದ್ದ ನಂದು ತಗದು ನೋಡೀನಿ, ನಾಕೇ ತಿಂಗಳು! ಹಾಂಗೇ ಎಲ್ಲಾದರ ಅಡಿಗಿಟ್ಟು ಮ್ಯಾಲ ಓಡಿ ಹೋದೆ. ಆರು ತಿಂಗಳು, ಆರು ತಿಂಗಳು ಅಂತ ಎಲ್ಲಾರ ತಲಿ ತಿಂದಾಂವ ನಾ. ಮನ್ಮಥ ಕಾಕಾರ ಪಾಸ್‌ಪೋರ್ಟ್ ಹೊಸಾದು ಮಾಡ್ಸಿದಾಂವ ನಾ! ನಂದು ನೋಡ್ಲೇ ಇಲ್ಲ."

ಚನ್ನಮ್ಮ ನಗು ತಡೆಯಲು ಬಹಳ ಪ್ರಯತ್ನಪಟ್ಟರು, ಆಗಲಿಲ್ಲ.

"ನಗಬ್ಯಾಡ್ರಿ ಮಾವಶಿ. ಬಾಲಿ ತನಕ ಹೋಗೋ ಮಾತೇ ಇಲ್ಲ. ಮುಂಬೈಯೊಳಗ ಬೋರ್ಡಿಂಗ್ ಪಾಸೇ ಕೊಡಂಗಿಲ್ಲ. ತತ್ಕಾಲ್‌ದಾಗ ಹಾಕಿದ್ರೂ ನಾಳಿ ಕೈಗೆ ಬರಂಗಿಲ್ಲ. ಮೂರು ದಿನದಿಂದ ಫೋನ್ ಮಾಡಿ ಮಾಡಿ, ಪುಣೆದಾಗಿನ ನನ್ನ ದೋಸ್ತ್ ಒಬ್ಬಾಂವ ನನ್ನ ಬದಲಿಗೆ ಬರ್ತೀನಿ ಅಂದಾನ. ಮುಂಬೈಯೊಳಗ ಇವರಿಗೆ ಭೆಟ್ಟಿ ಆಗ್ತಾನ. ಇವರಿಗೆ ಹ್ಯಾಂಗ ಹೇಳ್ಲಿ ಅಂತ ಬಾಯಿ ಬರವಲ್ದು."

"ಅಂದ್ರ ಸೋಮವಾರ ಮಾಳಿಗಿ ಮ್ಯಾಲ ನಿಂತು ಫೋನ್ ಮಾಡ್ಲಕತ್ತಿದ್ದಿ."

"ಹೌದ್ರಿ. ಮೆಟ್ಟಲ ಮ್ಯಾಲಿನ ಕಿಡಕಿ ಹತ್ತಿರ." ಶಿವಕಾಂತ ಮುಖದಿಂದ ಕೈ ತೆಗೆದ. ದನಿ ಇಳಿಸಿದ. "ಮಾವಶಿ, ನಾ ನೋಡೀನಿ."

"ಏನ್ ನೋಡೀದಿ?"

"ಸೀರಿ ಮ್ಯಾಲ ತಂದಿದ್ದು. ಆರತಿ ಘಂಟಿ ಹೊಡೀಲಕತ್ತಿತ್ತು. ಬಗಲಾಗ ಹಿಡಕೊಂಡು ಮೆಟ್ಟಲ ಹತ್ತಿ ಗಾದಿ ಖೋಲಿಯೊಳಗ ಹೋದ್ರು. ಬರೋ ಮುಂದ ಕೈ ಖಾಲಿ."

ಚನ್ನಮ್ಮನ ನಗು ಆರಿತು. "ಮೂರು ದಿವ್ಸ ಬಾಯಿ ಮುಚ್ಚಿಕೊಂಡು ಕೂತಿದ್ದಿ?"

"ಹೇಳಿದ್ರ, ನೀ ಮ್ಯಾಲ ಏನ್ ಮಾಡ್ಲಕತ್ತಿದ್ದಿ ಅಂತ ಕೇಳ್ತಿದ್ರಲ್ರಿ!"

"ಯಾರು?"

ಶಿವಕಾಂತ ಪಡಸಾಲೆಯ ಕಡೆ ನೋಡಿದ. "ಇವತ್ತು ನಿಮ್ಮ ಜೋಡಿ ರೈಲಿನ್ಯಾಗ ಬಂದೋರು."

ಆಚೆಯಿಂದ ಸರೋಜಿನಿಯ ದನಿ ತೇಲಿ ಬರುತ್ತಿತ್ತು. ಬಾಲಿಯಲ್ಲೂ ತೆಂಗು ಬಹಳವಂತೆ, ತೆಂಗು ಇದ್ದಲ್ಲಿ ಚಟ್ನಿಗೆ ಭಯವಿಲ್ಲ ಎಂದು ಯಾರಿಗೋ ಧೈರ್ಯ ಹೇಳುತ್ತಿದ್ದರು. ಕೈ ತೊಳೆಯಲು ಒಳಗೆ ಹೋದೆ ಎಂದಿದ್ದ ಸರೋಜಿನಿ. ಅದೇ ತಪ್ಪಾಯ್ತು ಎಂದಿದ್ದ ಸರೋಜಿನಿ.

"ಸರೋಜಿನೀನಾ?" ಎಂದರು ಚನ್ನಮ್ಮ.

"ಅಲ್ರಿ," ಎಂದ ಶಿವಕಾಂತ. "ಶೆಟ್ಟಿ ಕಾಕಾ."

ಮೇಜಿನ ಎಡಕ್ಕೆ ಎರಡು ಪಾಸ್‌ಪೋರ್ಟುಗಳು ಇನ್ನೂ ಪಕ್ಕಪಕ್ಕದಲ್ಲೇ ಇದ್ದವು. ಒಂದರ ನೆತ್ತಿಯ ಮೇಲೆ ಕೆಂಪು. ಇನ್ನೊಂದು ಫಳಫಳ.

ಒರೆಸಿದೆ ಎಂದಿದ್ದರು ಹರಿದಾಸ ಶೆಟ್ಟರು. ಗಲ್ಲಾಪೆಟ್ಟಿಗೆಯ ಬಣ್ಣ ಕಿತ್ತರೂ ಕಿತ್ತು ಬಾರದ ಕುಂಕುಮ ಇವರ ಕರವಸ್ತ್ರಕ್ಕೆ ಬಂತೇ? ಒರೆಸಿರಲಿಲ್ಲ. ಹಚ್ಚಿಯೇ ಇರಲಿಲ್ಲ. ಆ ಪಾಸ್‌ಪೋರ್ಟು ತಾಟಿಗೆ ಹೋಗಲೇ ಇಲ್ಲ. ಅದರ ಯಜಮಾನರು ಆರತಿಯ ಹೊತ್ತಿನಲ್ಲಿ ತಾಟಿನ ಹತ್ತಿರ ಇರಲೇ ಇಲ್ಲ.

ಇಡೀ ಬೋಗಿಯ ಟಿಕೆಟ್ ನೋಡಿ, ತನ್ನ ಪಕ್ಕ ಕುಳಿತವರ ಟಿಕೆಟ್ ಕೇಳುವುದನ್ನೇ ಮರೆತಿದ್ದರು ಚನ್ನಮ್ಮ.

ಆಗಲೇ ಬಾಗಿಲಲ್ಲಿ ಹರಿದಾಸ ಶೆಟ್ಟರು ಕಂಡರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ಕಪ್ ಚಹಾ. ಚಹಾ ಅರ್ಧ ತಟ್ಟೆಗೇ ಚೆಲ್ಲಿತ್ತು. ಹೋಟೆಲ್ ನಡೆಸುವ ಮನುಷ್ಯನ ಕೈಯಿಂದ ಚಹಾ ಚೆಲ್ಲಿದ್ದನ್ನು ಚನ್ನಮ್ಮ ಎಂದೂ ನೋಡಿರಲಿಲ್ಲ.

"ಶೆಟ್ರ," ಎಂದರು. "ಬಾಗಿಲ ಹಾಕಿ ಬರ್ರಿ. ನಿಮ್ಮ ವೀಸಾ ಕ್ಯಾನ್ಸಲ್ ಆಗ್ಯಾದ."

ಶೆಟ್ಟರು ಶಿವಕಾಂತನನ್ನು ನೋಡಿದರು. ಮೇಜಿನ ಮೇಲಿನ ಎರಡು ಪಾಸ್‌ಪೋರ್ಟು ನೋಡಿದರು. ಬಾಗಿಲು ಮುಂದೆ ಮಾಡಿ, ತಟ್ಟೆ ಕೆಳಗಿಟ್ಟು, ಅಪರಾಧಿಯ ಹಾಗೆ ಕೌಂಟರಿನ ಎದುರು ನಿಂತರು.

"ಯಾಕ ಶೆಟ್ರ?"

"ವಿಮಾನ ಅಂದರೆ ನನಗೆ ಕೈಕಾಲು ಬರುವುದಿಲ್ಲ ಚನ್ನಕ್ಕ," ಎಂದರು ಶೆಟ್ಟರು ಮೆಲ್ಲಗೆ. "ಅಷ್ಟು ಎತ್ತರ, ಕೆಳಗೆ ನೀರು. ಯಾರ ಹತ್ತಿರ ಹೇಳುವುದು? ಇವಳು ಟೋಪಿ ಬೇರೆ ತಗೊಂಡು ಕೂತಿದ್ದಾಳೆ. ಸೀರೆ ಎರಡು ದಿವಸ ಕಾಣದಿದ್ದರೆ ಮನ್ಮಥಪ್ಪನವರು ಟೂರನ್ನೇ ಮುಂದೆ ಹಾಕುತ್ತಾರೆ ಅಂದುಕೊಂಡೆ. ಮನೆಯಿಂದ ಹೊರಗೆ ತಗೊಂಡು ಹೋಗಲಿಲ್ಲ ಮಾರಾಯ್ರೆ. ಮೇಲೆ ಗಾದಿಗಳ ಮಧ್ಯೆ ಇಟ್ಟೆ, ಅಷ್ಟೇ. ಅದು ಇವಳ ತಲೆಗೇ ಬರುತ್ತದೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ."

"ಹೆಂಡ್ತಿ ಮ್ಯಾಲ ಕಳವಿನ ಮಾತು ಬಂದ ಮ್ಯಾಲರ ಹೇಳ್ಬೇಕಿತ್ತಿಲ್ಲ?"

"ದಿನಾ ಹೇಳಬೇಕು ಅಂತಲೇ ಏಳುತ್ತಿದ್ದೆ. ಇವತ್ತು ನಿಮ್ಮನ್ನು ನಾನೇ ಕರಕೊಂಡು ಬಂದದ್ದು ಯಾಕೆ? ನೀವು ಹುಡುಕಿದ ಹಾಗೆ ಆಗಲಿ, ನಾನು ಇಟ್ಟಲ್ಲಿಂದ ನಿಮಗೆ ಸಿಗಲಿ ಅಂತ."

ಚನ್ನಮ್ಮನಿಗೆ ಸಿಟ್ಟೂ ಬಂತು, ನಗುವೂ ಬಂತು. ಗೋಡೆಯ ಗಡಿಯಾರ ನೋಡಿದರು. ಇನ್ನೂ ಹೊತ್ತಿತ್ತು. ಸೀರೆ ಮನೆಯೊಳಗೇ ಇದೆ ಎಂದ ಮೇಲೆ ಇದು ಪೊಲೀಸರ ಮಾತಲ್ಲ, ಗಂಡಹೆಂಡಿರ ಮಾತು.

"ಆಯ್ತು. ಓಡ್ರಿ. ತಂದು ದೇವರ ಖೋಲಿಯೊಳಗ ಇಡ್ರಿ. ಉಳಿದಿದ್ದು ನಾ ನೋಡ್ಕೋತೀನಿ. ಸರೋಜಿನಿ ಇವತ್ತು ಬಸ್ ಹತ್ಲಿಕ್ಕೇ ಬೇಕು. ನೀವೂ ಹತ್ಬೇಕು, ಅದೇ ನಿಮಗ ಶಿಕ್ಷಾ."

ಶೆಟ್ಟರು ಕದಲಲಿಲ್ಲ.

"ಅದಕ್ಕೇ ಹೋಗಿದ್ದೆ ಚನ್ನಕ್ಕ, ಈಗ. ಚಹಾದ ನೆಪದಲ್ಲಿ." "ಕೋಣೆ ಖಾಲಿ ಉಂಟು. ಗಾದಿಯೂ ಇಲ್ಲ, ಸೀರೆಯೂ ಇಲ್ಲ."

ಚನ್ನಮ್ಮ ನಿಧಾನವಾಗಿ ಹಾಲ್‌ನ ನೆಲ ನೋಡಿದರು. ಮಧ್ಯಾಹ್ನದಿಂದ ಹತ್ತು ಮಂದಿ ಕುಳಿತು ನಕ್ಕ ಗಾದಿಗಳು. ಬಂದಾಗಿನಿಂದ ಶೆಟ್ಟರು ಕೂರದೆ ದಿಟ್ಟಿಸುತ್ತಿದ್ದ ಗಾದಿಗಳು. ಶಿವಕಾಂತ ಆಗಲೇ ಮೊಣಕಾಲೂರಿ ಒಂದೊಂದನ್ನೇ ಮಗುಚುತ್ತಿದ್ದ. ಮೂರನೆಯ ಗಾದಿಯ ಮಡಿಕೆಯಿಂದ ಒಂದು ತೆಳ್ಳನೆಯ ಬಂಗಾರದ ಜರಿ ಎಳೆ ಅವನ ಬೆರಳಿಗೆ ಸುತ್ತಿಕೊಂಡು ಬಂತು. ಮತ್ತೇನೂ ಇರಲಿಲ್ಲ.

"ಈ ಗಾದಿ ಮ್ಯಾಲಿಂದ ತಂದು ಹಾಸಿದಾಕಿ..." ಎಂದು ಚನ್ನಮ್ಮ ಶುರು ಮಾಡುವಷ್ಟರಲ್ಲಿ ಬಾಗಿಲು ತೆರೆಯಿತು.

ಟೋಪಿ ಹಾಕಿಕೊಂಡು, ಚೀಲ ಹೆಗಲಿಗೇರಿಸಿಕೊಂಡು ಸರೋಜಿನಿ ನಿಂತಿದ್ದರು. "ಚನ್ನಕ್ಕ, ಬಸ್ ಮೊದಲೇ ಬಂದುಬಿಟ್ಟಿತು. ನಾನು ಹತ್ತಬಹುದಾ?"

ಅವರ ಹಿಂದೆಯೇ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಶಾಂತಾಬಾಯಿ ಬಂದರು.

"ರೂಪಾ ಏನರ ಈ ಕಡಿ ಬಂದಾಳೇನ್ರಿ? ಒಲಿ ಮ್ಯಾಲ ಹಾಲು ಉಕ್ಕಿ ಹರೀಲಕತ್ತದ, ಹುಡುಗಿ ಎಲ್ಲಿಯೂ ಇಲ್ಲ. ಬಾಗಲಾಗ ಆಕಿ ಸ್ಕೂಟಿನೂ ಇಲ್ಲ."

ಸೀರೆಗೆ ಕಾಲು ಬಂದಿದ್ದವು, ರೂಪಾಳ ಕಾಲು.